ಪೆನ್ನಿಗೂ ಆಕ್ಸಿಜನ್ ತೋರಿಸುವ ಆಕ್ಸಿಮೀಟರ್: ಯಂತ್ರವೇ ಸುಳ್ಳಾ?

ಪಲ್ಸ್ ಆಕ್ಸಿಮೀಟರ್‌ಗೆ ಬೆರಳಿನ ಬದಲು ಪೆನ್ನು ಸಿಕ್ಕಿಸಿ, ಪರದೆಯಲ್ಲಿ ಅಂಕಿ ಮೂಡುವುದನ್ನು ತೋರಿಸುವ ವಿಡಿಯೊಗಳು ಕೋವಿಡ್ ಕಾಲದಲ್ಲಿ ವಾಟ್ಸಾಪ್ ತುಂಬ ಹರಿದಾಡಿದವು. 'ಎಲ್ಲ ಮೋಸ, ನಂಬಬೇಡಿ' ಎಂಬ ಒಕ್ಕಣೆ ಬೇರೆ. ವಿಡಿಯೊದಲ್ಲಿ ಕಾಣುವುದು ನಿಜವಾಗಿಯೂ ಆಗಬಹುದು. ತೀರ್ಮಾನ ಮಾತ್ರ ತಪ್ಪು. 2021ರ ಮೇ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ರೋಗಿಗಳು ತೀರಿಕೊಂಡರು. ಆಕ್ಸಿಜನ್ ಕೊರತೆಯ ಆ ದಿನಗಳನ್ನು ಕಂಡ ಜಿಲ್ಲೆಯಲ್ಲಿ ಈ ಅಂಕಿಯನ್ನು ತಮಾಷೆಯಾಗಿ ತೆಗೆದುಕೊಳ್ಳಲಾಗದು. ಹಾಗಾಗಿ ಒಳಗೇನಿದೆ ಎಂದು ನೋಡೋಣ.

ಕ್ಲಿಪ್‌ನ ಒಂದು ಬದಿಯಲ್ಲಿ ಎರಡು ಪುಟ್ಟ ದೀಪಗಳು. ಒಂದು ಕೆಂಪು, ಸುಮಾರು 660 ನ್ಯಾನೋಮೀಟರ್. ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಸುಮಾರು 940. ಎದುರು ಬದಿಯಲ್ಲಿ ಫೋಟೋಡಯೋಡ್. ಬೆರಳು ದಾಟಿ ಬಂದ ಬೆಳಕು ಇದರ ಮೇಲೆ ಬಿದ್ದಾಗ ಅತಿ ಸಣ್ಣ ವಿದ್ಯುತ್ ಹರಿಯುತ್ತದೆ. ಅದನ್ನು ಆಂಪ್ಲಿಫಯರ್ ಅಳೆಯುವಷ್ಟು ದೊಡ್ಡದು ಮಾಡುತ್ತದೆ. ನಾಡಿ ಬಡಿತಕ್ಕೆ ಬದಲಾಗುವುದು ಆ ಬೆಳಕಿನ ಶೇ 1-2ರಷ್ಟು ಮಾತ್ರ. ಯಂತ್ರಕ್ಕೆ ಬೇಕಿರುವುದೂ ಅಷ್ಟೇ. ಜಪಾನಿನ ಇಂಜಿನಿಯರ್ ಟಕುವೊ ಅಯೊಯಾಗಿ 1970ರ ದಶಕದ ಆರಂಭದಲ್ಲಿ ಹಿಡಿದ ಸೂತ್ರವಿದು.

ತೊಂದರೆ ಶುರುವಾಗುವುದೂ ಇಲ್ಲೇ. ಆಂಪ್ಲಿಫಯರ್‌ಗೆ ನಾಡಿ ಯಾವುದು, ಗದ್ದಲ ಯಾವುದು ಗೊತ್ತಿಲ್ಲ, ಎರಡನ್ನೂ ಹಿಗ್ಗಿಸುತ್ತದೆ. ಕೈಯಲ್ಲಿ ಹಿಡಿದ ಪೆನ್ನು ಸ್ವಲ್ಪ ಅಲುಗಿದರೂ ಬೆಳಕು ಏರಿಳಿಯುತ್ತದೆ. ನಮ್ಮ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಒಳ್ಳೆಯ ಯಂತ್ರಗಳು ಎರಡೂ ದೀಪ ಆರಿಸಿ ಹೊರಗಿನ ಬೆಳಕನ್ನು ಅಳೆದು ಕಳೆದುಬಿಡುತ್ತವೆ, ಅಗ್ಗದವು ಇದರಲ್ಲಿ ಎಡವಬಹುದು. ಇನ್ನೊಂದು ಸ್ವಾರಸ್ಯ: ಕೆಂಪು, ಇನ್‌ಫ್ರಾರೆಡ್ ಎರಡೂ ಒಂದೇ ಪ್ರಮಾಣದಲ್ಲಿ ಅಲುಗಿದರೆ ಲೆಕ್ಕ ಸುಮಾರು 85ಕ್ಕೆ ಬಂದು ನಿಲ್ಲುತ್ತದೆ. ಚೆನ್ನಾಗಿಯೇ ಇರುವವರ ಬೆರಳಲ್ಲಿ ದಿಢೀರನೆ 85 ಬಂದರೆ, ಗಾಬರಿಗೆ ಮುಂಚೆ ಕೈ ಅಲುಗಿತಾ ನೋಡಿ.

ಗುಂಡ್ಲುಪೇಟೆ ಕಡೆ, ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಚಳಿಗಾಲದ ಮುಂಜಾನೆ ಬೆರಳು ಮರಗಟ್ಟಿರುತ್ತದೆ. ರಕ್ತದ ಓಟ ಕಡಿಮೆಯಾದರೆ ಸಿಗ್ನಲ್ಲೂ ಕಡಿಮೆ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ನೇಲ್‌ಪಾಲಿಶ್ ತೆಗೆಯಿರಿ, ದಟ್ಟ ಮೆಹಂದಿ ಇಲ್ಲದ ಬೆರಳು ಆರಿಸಿ, ಬಿಸಿಲಿನಿಂದ ನೆರಳಿಗೆ ಬನ್ನಿ. ಅಂಕಿ ಸ್ಥಿರವಾಗುವವರೆಗೆ ಒಂದು ನಿಮಿಷ ಕಾಯಿರಿ. ಜೊತೆಗೆ ಮಣಿಕಟ್ಟಿನ ನಾಡಿಯನ್ನು ಎಣಿಸಿ. ಯಂತ್ರದ ನಾಡಿ ಲೆಕ್ಕವೇ ಹೊಂದದಿದ್ದರೆ ಅದರ ಆಕ್ಸಿಜನ್ ಲೆಕ್ಕವನ್ನೂ ಬಿಡಿ.

ಅಂಕಿ ಹೆಚ್ಚು ತೋರಿಸುವ ತಪ್ಪು ಇನ್ನೂ ಅಪಾಯದ್ದು. 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಯಂತ್ರ 92ರಿಂದ 96 ತೋರಿಸುತ್ತಿದ್ದರೂ ರಕ್ತಪರೀಕ್ಷೆಯಲ್ಲಿ 88ಕ್ಕಿಂತ ಕಡಿಮೆ ಇದ್ದ ಪ್ರಸಂಗಗಳು ಕಪ್ಪು ವರ್ಣೀಯರಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಕಂಡವು. ನಮ್ಮಲ್ಲಿ ಎಷ್ಟು ಮಂದಿಯ ಚರ್ಮ ಕಪ್ಪು ಅಂತ ಬೇರೆ ಹೇಳಬೇಕಿಲ್ಲ. ಮನೆಯಲ್ಲಿ ಯಾರಿಗಾದರೂ ಏದುಸಿರು, ತುಟಿ ನೀಲಿ, ಮಂಪರು ಇದ್ದರೆ ಪರದೆಯಲ್ಲಿ 97 ಇದ್ದರೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.