ಮೂತ್ರ ಸೋರಿದರೆ ವಯಸ್ಸನ್ನು ದೂರಬೇಡಿ

ಜನವರಿ ಬಂತೆಂದರೆ ಕೊಡಗಿನ ತೋಟಗಳಲ್ಲಿ ರೋಬಸ್ಟಾ ಕುಯ್ಲು ಜೋರು. ಬೆಳಿಗ್ಗೆ ತೋಟಕ್ಕಿಳಿದ ಹೆಂಗಸರಿಗೆ ಸಂಜೆ ಚೀಲ ತೂಕಕ್ಕೆ ಹಾಕುವವರೆಗೂ ಒಂದಕ್ಕೆ ಹೋಗಲು ಸರಿಯಾದ ಜಾಗವಿಲ್ಲ. ಅದಕ್ಕೇ ಅವರು ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ.

"ಕೆಮ್ಮಿದರೆ ಸೀರೆ ಒದ್ದೆಯಾಗ್ತದೆ" ಎಂದು ನಮ್ಮ ಬಳಿ ಹೇಳಿಕೊಂಡವರು ಒಬ್ಬಿಬ್ಬರಲ್ಲ. ಮನೆಯಲ್ಲಿ ಹೇಳಿದವರಿಗೆ ಸಿಕ್ಕ ಉತ್ತರ ಒಂದೇ: "ವಯಸ್ಸಾಯ್ತಲ್ಲ, ಎಲ್ಲರಿಗೂ ಇದ್ದದ್ದೇ."

ಈ ಮಾತನ್ನು ನಾವು ಒಪ್ಪುವುದಿಲ್ಲ. ಇದು ಹಲವರಿಗೆ ಇರುವ ತೊಂದರೆ, ನಿಜ. ಆದರೆ ಹಲವರಿಗೆ ಇದೆ ಎಂದ ಮಾತ್ರಕ್ಕೆ ಸಹಿಸಿಕೊಂಡೇ ಇರಬೇಕೆಂದಿಲ್ಲ. ಕಾರಣ ಗೊತ್ತಾದರೆ ಬಹಳಷ್ಟು ಜನರಿಗೆ ಕಡಿಮೆಯಾಗುತ್ತದೆ.

ಕಾರಣಗಳೇನು? ಹೊಟ್ಟೆಯ ಕೆಳಗೆ ಮೂತ್ರಚೀಲ, ಗರ್ಭಕೋಶಗಳನ್ನು ಹೊತ್ತುಕೊಂಡಿರುವ ಸ್ನಾಯುಗಳಿವೆ. ಹೆರಿಗೆಯಿಂದ, ಮುಟ್ಟು ನಿಂತ ಮೇಲೆ ಅವು ಸಡಿಲವಾಗಬಹುದು. ಆಗ ಕೆಮ್ಮಿದರೆ, ಸೀನಿದರೆ, ಕಾಫಿ ಚೀಲ ಎತ್ತಿದರೆ ಮೂತ್ರ ಸೋರುತ್ತದೆ. ಇನ್ನು ಕೆಲವರಿಗೆ ತಟ್ಟನೆ ಅವಸರವಾಗಿ, ಮರೆಗೆ ಹೋಗುವಷ್ಟರಲ್ಲೇ ಆಗಿಬಿಡುತ್ತದೆ. ಸೋಂಕು, ಸಕ್ಕರೆ ಕಾಯಿಲೆ, ಮಲಬದ್ಧತೆ, ಬಿಪಿಗೆ ಕೊಡುವ ಕೆಲವು ಮಾತ್ರೆ, ದಿನಕ್ಕೆ ಐದಾರು ಲೋಟ ಕಾಫಿ, ಇವೂ ಕಾರಣವಾಗಬಹುದು. ಗಂಡಸರೂ ಹೊರತಲ್ಲ. ಪ್ರಾಸ್ಟೇಟ್ ಗ್ರಂಥಿ ಊದಿದರೆ ಚೀಲ ಪೂರ್ತಿ ಖಾಲಿಯಾಗದೆ ಹನಿಹನಿಯಾಗಿ ಸೋರುತ್ತದೆ.

"ನೀರು ಕಡಿಮೆ ಕುಡಿ" ಅನ್ನುವುದು ತಪ್ಪು ಸಲಹೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತದೆ, ಮಲ ಕಟ್ಟುತ್ತದೆ, ಸೋಂಕಿಗೆ ದಾರಿಯಾಗುತ್ತದೆ.

ಈಗ ತೋಟದ ಸಾಹುಕಾರರಿಗೆ ಒಂದು ಮಾತು. "ಗಿಡದ ಮರೆ ಇದೆಯಲ್ಲ, ಯಾರೂ ಶೌಚಾಲಯ ಕೇಳಿಲ್ಲ" ಅನ್ನುತ್ತೀರಿ. ಕೂಲಿ ಕೊಡುವವರ ಮುಂದೆ, ರೈಟರ್ ಮುಂದೆ ಯಾವ ಹೆಂಗಸು ಇದನ್ನು ಬಾಯಿಬಿಟ್ಟು ಕೇಳುತ್ತಾಳೆ? ಆನೆ ಓಡಾಡುವ ತೋಟದಲ್ಲಿ ಒಬ್ಬಳೇ ಎಷ್ಟು ದೂರ ಹೋಗಬೇಕು? ಕೇಳಬೇಕಾದ ಅಗತ್ಯವೂ ಇಲ್ಲ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯೇ ಅದರ ವ್ಯಾಪ್ತಿಗೆ ಬರುವ ತೋಟಗಳಲ್ಲಿ ಕುಡಿಯುವ ನೀರು, ಹೆಣ್ಣಿಗೂ ಗಂಡಿಗೂ ಬೇರೆಬೇರೆ ಶೌಚಾಲಯ ಇರಬೇಕೆಂದು ಹೇಳಿತ್ತು. 2020ರ ಹೊಸ ಕಾರ್ಮಿಕ ಸಂಹಿತೆಯೂ ಅದನ್ನೇ ಹೇಳುತ್ತದೆ. ಲೈನ್ ಮನೆಯ ಪಕ್ಕ ಒಂದು ಕಟ್ಟಿಸಿದರೆ ಮುಗಿಯಲಿಲ್ಲ, ಕುಯ್ಲು ನಡೆಯುವ ಜಾಗಕ್ಕೆ ಹತ್ತಿರ ಬೇಕು. ಸಣ್ಣ ತೋಟದವರಿಗೆ ಕಾಯ್ದೆ ಅನ್ವಯಿಸದಿರಬಹುದು. ಮನುಷ್ಯತ್ವ ಅನ್ವಯಿಸುತ್ತದೆ.

ಅಕ್ಕಂದಿರೇ, ಅಮ್ಮಂದಿರೇ, ಸೋರುವುದು ನಿಮ್ಮ ಕೆಲಸಕ್ಕೋ ನಿದ್ದೆಗೋ ಅಡ್ಡಿಯಾಗುತ್ತಿದ್ದರೆ ಅಷ್ಟೇ ಸಾಕು, ಡಾಕ್ಟರಿಗೆ ತೋರಿಸಿ. ಉರಿ ಇದ್ದರೆ, ಏನೋ ಕೆಳಗೆ ಜಾರಿದಂತೆ ಅನ್ನಿಸಿದರೆ, ಹೆರಿಗೆ ಅಥವಾ ಆಪರೇಷನ್ ಆದ ಮೇಲೆ ಹಗಲೂ ರಾತ್ರಿ ಸೋರುತ್ತಲೇ ಇದ್ದರೆ ತಡಮಾಡಬೇಡಿ. ಮೂತ್ರದಲ್ಲಿ ರಕ್ತ ಕಂಡರೆ ನೋವಿಲ್ಲದಿದ್ದರೂ ಹೋಗಿ. ಜ್ವರ, ಚಳಿಯ ಜೊತೆ ಸೊಂಟ ನೋವು ಬಂದರೆ, ಮೂತ್ರ ಪೂರ್ತಿ ಕಟ್ಟಿದರೆ, ಕಾಲಿನ ಬಲ ಹೋಗಿ ತೊಡೆಸಂದು ಜೋಮು ಹಿಡಿದರೆ ಅದೇ ದಿನ ಆಸ್ಪತ್ರೆ ಸೇರಿ.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಮೂತ್ರ, ಸಕ್ಕರೆ ಪರೀಕ್ಷೆ ಮಾಡಿಸಿ. ಅಲ್ಲಿ ಆಗದಿದ್ದರೆ ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹೇಳಲು ನಾಚಿಕೆಯಾದರೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ಕೆಮ್ಮಿದಾಗ ಸೋರುವವರಿಗೆ ಮೊದಲ ಚಿಕಿತ್ಸೆ ವ್ಯಾಯಾಮ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನೇ ಬಿಗಿಹಿಡಿದು ಬಿಡುವುದು, ಒಂದು ಸಲಕ್ಕೆ ಹತ್ತರಂತೆ ದಿನಕ್ಕೆ ಮೂರು ಸಲ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ಸೋರುತ್ತದೆ ಎಂದ ಕೂಡಲೇ ಗರ್ಭಕೋಶ ತೆಗೆಸಿಬಿಡಿ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ಕೇಳದೆ ಒಪ್ಪಬೇಡಿ.

ಮನೆಯ ಗಂಡಸರೇ, ಅವಳು ಹೇಳಿದಾಗ ನಗಬೇಡಿ. ಒಂದು ದಿನದ ಕೂಲಿ ಹೋದರೆ ಹೋಗಲಿ, ಜೊತೆಗೆ ಹೋಗಿ. ಅವಳು ನೀರು ಬಿಟ್ಟು ದುಡಿದದ್ದು ಮನೆಗಾಗಿಯೇ ತಾನೆ?