ಬೀಗ ಕೌಂಟರಿಗೋ, ಆಡಳಿತ ಮಂಡಳಿಗೋ?

ಭಿವಂಡಿಯ ಮಗ್ಗದ ಮಾಲೀಕನಿಗೆ ಬಟವಾಡೆಯ ದಿನವನ್ನು ಮುಂದೂಡಲು ಬರುವುದಿಲ್ಲ. ನೂಲಿನ ವ್ಯಾಪಾರಿಯ ಹತ್ತಿರ ನಾಲ್ಕು ದಿನ ಕೇಳಿಕೊಳ್ಳಬಹುದು, ಕರೆಂಟ್ ಬಿಲ್ಲಿಗೆ ದಂಡ ಕಟ್ಟಬಹುದು. ಊರು ಬಿಟ್ಟು ಬಂದ ಕೂಲಿಯವನ ಕೈಗೆ ದುಡ್ಡು ಬೀಳದಿದ್ದರೆ ಮರುದಿನ ಮಗ್ಗ ಓಡುವುದಿಲ್ಲ. ಇಂಥ ಮಾಲೀಕರು, ಧಾಮಣಕರ್ ನಾಕಾದ ಆಸುಪಾಸಿನ ಹೋಟೆಲಿನವರು, ಡೊಂಬಿವಲಿ ಕಲ್ಯಾಣಗಳ ಪಿಂಚಣಿದಾರರು ನಂಬಿ ಹಣ ಇಡುವ ಜಾಗ ನಗರ ಸಹಕಾರಿ ಬ್ಯಾಂಕು. 2019ರ ಸೆಪ್ಟೆಂಬರ್ 24ರಂದು ಪಂಜಾಬ್ ಅಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನ, ಅಂದರೆ ಪಿಎಂಸಿಯ, ಶಾಖೆಗಳ ಮುಂದೆ ನಿಂತವರಿಗೆ ತಿಳಿದದ್ದು ಇಷ್ಟು: ಆರು ತಿಂಗಳವರೆಗೆ ಒಂದು ಖಾತೆಯಿಂದ ಒಟ್ಟು 1,000 ರೂಪಾಯಿ ಮಾತ್ರ ತೆಗೆಯಬಹುದು. ತಿಂಗಳಿಗಲ್ಲ, ಆರು ತಿಂಗಳಿಗೆ. ಆ ಮಿತಿ ಎರಡೇ ದಿನದಲ್ಲಿ 10,000ಕ್ಕೆ, ಮುಂದೆ ಹಂತಹಂತವಾಗಿ ಒಂದು ಲಕ್ಷಕ್ಕೆ ಏರಿತು. ಆದರೆ ಮೊದಲ ದಿನದ ಏಟು ಜನರ ಮನಸ್ಸಿನಿಂದ ಹೋಗಲಿಲ್ಲ.

ಅಂದಿನಿಂದ ಒಂದು ವಾದ ನಡೆದೇ ಇದೆ. ಈ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿನ ಹಿಡಿತ ಇನ್ನೂ ಬಿಗಿಯಾಗಬೇಕೇ, ಅಥವಾ ಬಿಗಿ ಹಿಡಿತವೇ ಸಹಕಾರವನ್ನು ಕೊಲ್ಲುತ್ತಿದೆಯೇ?

ಎರಡನೆಯ ಮಾತು ಹೇಳುವವರನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಸಹಕಾರ ನಮ್ಮವರಿಗೆ ಮೇಲಿನಿಂದ ಬಂದದ್ದಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಂಘ ಕಟ್ಟಿದರು. ಮರುವರ್ಷವೇ ಮುಂಬಯಿಯಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಶಾಮರಾವ್ ವಿಠಲ್ ಸಹಕಾರಿ ಸಂಸ್ಥೆಯನ್ನು ಹುಟ್ಟುಹಾಕಿದರು. ಅದೇ ಇವತ್ತಿನ ಎಸ್‌ವಿಸಿ ಬ್ಯಾಂಕ್. 1978ರಲ್ಲಿ ಬಿಲ್ಲವರು ಭಾರತ್ ಬ್ಯಾಂಕ್ ಕಟ್ಟಿದರು. ಡೊಂಬಿವಲಿ, ಕಲ್ಯಾಣ, ಠಾಣೆಗಳಲ್ಲಿ ಮರಾಠಿ ಮಧ್ಯಮವರ್ಗ 1970ರ ಆಚೀಚೆ ತಮ್ಮ ತಮ್ಮ ನಾಗರಿ, ಜನತಾ ಬ್ಯಾಂಕುಗಳನ್ನು ಶುರುಮಾಡಿತು. ಆದಾಯ ತೆರಿಗೆಯ ಕಾಗದವಿಲ್ಲದ, ಅಡವಿಡಲು ಜಾಗವಿಲ್ಲದ ಹೋಟೆಲ್ ಮಾಣಿ ಸ್ವಂತ ಕ್ಯಾಂಟೀನ್ ತೆರೆಯಹೊರಟಾಗ ಸಾಲ ಕೊಟ್ಟದ್ದು ಅವನ ನಡತೆ ಬಲ್ಲ ಇಂಥ ಬ್ಯಾಂಕು. ಊರಿನಲ್ಲಿ ಪಿಗ್ಮಿ ಎಂದು ಎಲ್ಲರಿಗೂ ಗೊತ್ತಿರುವ ದಿನವಹಿ ಉಳಿತಾಯ ಇಲ್ಲಿಯೂ ಉಂಟು. ಸಂಜೆ ಗಲ್ಲಾಪೆಟ್ಟಿಗೆಯ ಹತ್ತಿರ ಬಂದು ನಿಲ್ಲುವ ಏಜೆಂಟ್, ಕೈಯಲ್ಲಿನ ಪುಟ್ಟ ಯಂತ್ರದಲ್ಲಿ ನೂರೋ ಇನ್ನೂರೋ ಒತ್ತಿ ಚೀಟಿ ಹರಿದು ಕೊಡುತ್ತಾನೆ. ಆ ವ್ಯಾಪಾರ ಏಳುತ್ತಿದೆಯೋ ಬೀಳುತ್ತಿದೆಯೋ ಎಂಬುದು ಅವನಿಗೆ ಗೊತ್ತಾಗುವಷ್ಟು ಬೇಗ ಯಾವ ಲೆಕ್ಕಪತ್ರಕ್ಕೂ ಗೊತ್ತಾಗದು.

ಇಂಥ ಬ್ಯಾಂಕಿಗೆ ದೊಡ್ಡ ಬ್ಯಾಂಕಿನ ಅಂಗಿ ತೊಡಿಸಿದರೆ ಏನಾಗುತ್ತದೆ? 2020ರ ಮಾರ್ಚ್‌ನಲ್ಲಿ ಬಂದ ನಿಯಮ ನೋಡಿ. ಒಬ್ಬ ಸಾಲಗಾರನಿಗೆ ಬ್ಯಾಂಕಿನ ಮೂಲ ಬಂಡವಾಳದ ಶೇ 15, ಒಂದು ಗುಂಪಿಗೆ ಶೇ 25ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಹತ್ತು ಕೋಟಿ ಬಂಡವಾಳದ ಬ್ಯಾಂಕಿಗೆ ಇದು ಒಂದೂವರೆ ಕೋಟಿಯ ಮಿತಿ. ಹಳೆಯ ಮಗ್ಗ ತೆಗೆದು ಹೊಸ ಯಂತ್ರಗಳ ಸಾಲು ಹಾಕಹೊರಟ ಗಿರಾಕಿ ಇಷ್ಟರಲ್ಲಿ ನಿಲ್ಲುವುದಿಲ್ಲ. ಬ್ಯಾಂಕು ಬೆಳೆಸಿದವನೇ ಬೆಳೆದ ಮೇಲೆ ಬೇರೆ ಬ್ಯಾಂಕಿಗೆ ಹೋಗುತ್ತಾನೆ. ಜೊತೆಗೆ ವರದಿ, ಸೈಬರ್ ಭದ್ರತೆ, ಲೆಕ್ಕಪರಿಶೋಧನೆಯ ಖರ್ಚು. ದೇಶದಲ್ಲಿ 2004ರಲ್ಲಿ 1,926 ಇದ್ದ ನಗರ ಸಹಕಾರಿ ಬ್ಯಾಂಕುಗಳು 2024ರ ಮಾರ್ಚ್ ವೇಳೆಗೆ 1,472ಕ್ಕೆ ಇಳಿದಿದ್ದವು. ಅಳಿದವೆಲ್ಲ ನಿಯಮದ ಭಾರಕ್ಕೇ ಅಳಿದವು ಎನ್ನಲಾಗದು, ಎಷ್ಟೋ ವಿಲೀನವಾದವು, ಕೆಲವು ಕೊಳೆತೇ ಹೋಗಿದ್ದವು. ಆದರೂ ಸಹಕಾರಿಗಳ ಆತಂಕ ಸುಳ್ಳಲ್ಲ.

ಈಗ ಇನ್ನೊಂದು ಬದಿ. ಪಿಎಂಸಿ ಕೊಟ್ಟಿದ್ದ ಸಾಲ ಸುಮಾರು 8,300 ಕೋಟಿ. ಅದರಲ್ಲಿ ಶೇ 70ಕ್ಕಿಂತ ಹೆಚ್ಚು ಎಚ್‌ಡಿಐಎಲ್ ಎಂಬ ಒಂದೇ ಬಿಲ್ಡರ್ ಬಳಗಕ್ಕೆ ಹೋಗಿತ್ತು. ಅದನ್ನು ಮುಚ್ಚಲು 21,049 ನಕಲಿ ಸಾಲದ ಖಾತೆಗಳನ್ನು ತೋರಿಸಲಾಗಿತ್ತು ಎಂದು ಪೊಲೀಸ್ ದೂರಿನಲ್ಲಿದೆ. ಸದಸ್ಯರು ಆರಿಸಿದ ಮಂಡಳಿಯೇ ಇತ್ತು, ವಾರ್ಷಿಕ ಸಭೆಗಳೂ ನಡೆಯುತ್ತಿದ್ದವು. ಒಬ್ಬರಿಗೆ ಒಂದು ಮತ ಎಂಬ ಸಹಕಾರದ ಸೂತ್ರ ಅಲ್ಲಿ ಯಾರನ್ನೂ ಕಾಯಲಿಲ್ಲ.

ಕಾರಣ ಆ ಸೂತ್ರದ ಒಳಗೇ ಇದೆ ಎಂದು ನನಗನಿಸುತ್ತದೆ. ಸಹಕಾರಿ ಬ್ಯಾಂಕಿನಲ್ಲಿ ಸಾಲ ಬೇಕಾದವನು ಷೇರು ಕೊಳ್ಳಬೇಕು, ಸದಸ್ಯನಾಗಬೇಕು. ಠೇವಣಿ ಇಡುವವನು ಸದಸ್ಯನಾಗಬೇಕೆಂದಿಲ್ಲ. ಹೀಗಾಗಿ ಮಂಡಳಿಯನ್ನು ಆರಿಸುವವರಲ್ಲಿ ಸಾಲ ತೆಗೆದವರದೇ ಬಲ, ಸಾಲಕ್ಕೆ ಹಣ ಒದಗಿಸಿದ ಪಿಂಚಣಿದಾರನಿಗೆ ಮತವೂ ಇಲ್ಲ, ಮಾತೂ ಇಲ್ಲ. ಅವನ ಪರವಾಗಿ ಹೊರಗಿನಿಂದ ಕೇಳುವ ಒಬ್ಬರಾದರೂ ಬೇಕು. ರಿಸರ್ವ್ ಬ್ಯಾಂಕು ಆ ಜಾಗದಲ್ಲಿ ನಿಂತಿದೆ. ಈ ಕಾರಣಕ್ಕೇ ಮೇಲ್ವಿಚಾರಣೆ ಬೇಡ ಎನ್ನುವ ವಾದವನ್ನು ನಾನು ಒಪ್ಪಲಾರೆ.

ಮೇಲ್ವಿಚಾರಣೆ ನಡೆಯುವ ಬಗೆಯನ್ನೂ ತಿಳಿಯಬೇಕು. ರಿಸರ್ವ್ ಬ್ಯಾಂಕಿನ ಕೇಂದ್ರ ಮಂಡಳಿಯ ಸಮಿತಿಯಾಗಿ 1994ರಲ್ಲಿ ಹಣಕಾಸು ಮೇಲ್ವಿಚಾರಣಾ ಮಂಡಳಿ ರಚನೆಯಾಯಿತು. ಗವರ್ನರ್ ಅದರ ಅಧ್ಯಕ್ಷರು. ಡೆಪ್ಯುಟಿ ಗವರ್ನರ್‌ಗಳೂ ಕೇಂದ್ರ ಮಂಡಳಿಯ ನಾಲ್ವರು ನಿರ್ದೇಶಕರೂ ಸದಸ್ಯರು. 2018ರಿಂದ ಕೇಂದ್ರ ಮಂಡಳಿಯಲ್ಲಿ ಸಹಕಾರ ಭಾರತಿ ಸಂಘಟನೆಯ ಸತೀಶ ಮರಾಠೆಯವರಿದ್ದುದರಿಂದ ಸಹಕಾರಿಗಳ ದನಿ ಮೇಲೆ ತಲುಪುವುದೇ ಇಲ್ಲ ಎನ್ನುವಂತಿರಲಿಲ್ಲ. ತೊಡಕು ಕೆಳಗಿತ್ತು. 1966ರಿಂದ ಬ್ಯಾಂಕಿಂಗ್ ವ್ಯವಹಾರ ರಿಸರ್ವ್ ಬ್ಯಾಂಕಿಗೆ, ಚುನಾವಣೆ ಮತ್ತು ಆಡಳಿತ ಸಹಕಾರ ಸಂಘಗಳ ರಿಜಿಸ್ಟ್ರಾರರಿಗೆ ಎಂದು ಪಾಲಾಗಿತ್ತು. ಇಬ್ಬರು ಯಜಮಾನರ ಮನೆಯಲ್ಲಿ ತಪ್ಪಿಗೆ ಹೊಣೆ ಹೊರುವವರು ಸಿಗುತ್ತಿರಲಿಲ್ಲ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿ ಮುಖ್ಯಾಧಿಕಾರಿಯ ನೇಮಕಕ್ಕೆ ಒಪ್ಪಿಗೆ, ಲೆಕ್ಕಪರಿಶೋಧಕರ ಆಯ್ಕೆ, ರಾಜ್ಯ ಮಟ್ಟದ ಬ್ಯಾಂಕುಗಳ ಮಂಡಳಿಯ ವಿಸರ್ಜನೆ ಇವನ್ನೆಲ್ಲ ರಿಸರ್ವ್ ಬ್ಯಾಂಕಿನ ಕೈಗೆ ತಂದಿತು. ವಿಸರ್ಜನೆಗೆ ಮುನ್ನ ರಾಜ್ಯ ಸರ್ಕಾರದ ಜೊತೆ ಸಮಾಲೋಚನೆ ಮಾತ್ರ ಉಳಿಯಿತು. ಸಹಕಾರ ಸಂವಿಧಾನದ ರಾಜ್ಯ ಪಟ್ಟಿಯಲ್ಲಿದೆ, ಬ್ಯಾಂಕಿಂಗ್ ಕೇಂದ್ರದ್ದು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಜನರ ಠೇವಣಿ ಮುಟ್ಟಿದೊಡನೆ ಅದು ಬ್ಯಾಂಕಿಂಗೇ ಆಗುತ್ತದೆ.

ಆದರೆ ಇಲ್ಲಿ ರಿಸರ್ವ್ ಬ್ಯಾಂಕಿನ ಪರ ವಾದಿಸುವವರು ಸಾಮಾನ್ಯವಾಗಿ ಹೇಳದ ಒಂದು ಸಂಗತಿ ಇದೆ. ಪಿಎಂಸಿ ಬಹುರಾಜ್ಯ ಬ್ಯಾಂಕಾಗಿತ್ತು. ಅದರ ಮಂಡಳಿಯನ್ನು ವಿಸರ್ಜಿಸಲು 2020ರ ಕಾನೂನು ಬೇಕಿರಲಿಲ್ಲ, 2019ರಲ್ಲೇ ವಿಸರ್ಜಿಸಿದರು. ಕೊರತೆಯಿದ್ದದ್ದು ಅಧಿಕಾರಕ್ಕಲ್ಲ, ಕಣ್ಣಿಗೆ. ವರ್ಷಗಟ್ಟಲೆ ತಪಾಸಣೆ ನಡೆದೂ ಒಂದೇ ಬಳಗಕ್ಕೆ ಹೋದ ಸಾವಿರಾರು ಕೋಟಿ ಕಾಣಲಿಲ್ಲ. 2025ರ ಫೆಬ್ರುವರಿಯಲ್ಲಿ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿನ ತಿಜೋರಿಯಿಂದ 122 ಕೋಟಿ ನಗದು ಕಾಣೆಯಾಗಿದೆ ಎಂಬ ಆರೋಪ ಹೊರಬಿದ್ದಾಗಲೂ, ಅಷ್ಟು ದಿನ ಆ ನೋಟುಗಳನ್ನು ಎಣಿಸಿದವರು ಯಾರು ಎಂದೇ ಜನ ಕೇಳಿದರು. ಅಮೆರಿಕದಲ್ಲೂ ಹೀಗೇ ಆಯಿತು. 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿತು. ಅಲ್ಲಿನ ಫೆಡರಲ್ ರಿಸರ್ವ್ ಮುಂದಿನ ತಿಂಗಳೇ ತನ್ನ ವರದಿಯಲ್ಲಿ, ದೋಷ ಕಂಡ ಮೇಲೂ ತನ್ನ ಮೇಲ್ವಿಚಾರಕರು ಸಾಕಷ್ಟು ಗಟ್ಟಿಯಾಗಿ ಕ್ರಮ ಕೈಗೊಳ್ಳಲಿಲ್ಲ ಎಂದು ಬರೆದುಕೊಂಡಿತು. ಅಂಥ ಬಹಿರಂಗ ಆತ್ಮಪರೀಕ್ಷೆ ನಮ್ಮಲ್ಲೂ ಆಗಬೇಕಿತ್ತು.

ಶಿಕ್ಷೆ ಮೊದಲು ಯಾರಿಗೆ ಎಂಬುದೂ ಯೋಚಿಸಬೇಕಾದದ್ದು. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ಎ ಕಲಮಿನ ನಿರ್ದೇಶನ ಬಂದರೆ ಕೌಂಟರ್ ಮುಚ್ಚುತ್ತದೆ. 2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮುಂದೆ, 35,000 ರೂಪಾಯಿಯ ಮಿತಿ ಕೇಳಿ ಕುಸಿದ ಹಿರಿಯರನ್ನು ಕನ್ನಡಿಗರು ನೋಡಿದ್ದಾರೆ. ಹಾಗೆ ಕೌಂಟರ್ ಮುಚ್ಚದಿದ್ದರೆ ಸುದ್ದಿ ಮೊದಲು ತಿಳಿದವರು ಇದ್ದುದನ್ನೆಲ್ಲ ಬಾಚಿಕೊಂಡು ಹೋಗುತ್ತಾರೆ, ಕೊನೆಯವನಿಗೆ ಏನೂ ಉಳಿಯದು ಎಂಬ ಸಮಜಾಯಿಷಿ ನಿಜವೇ. ಆದರೆ ಬೇರೆ ದಾರಿಯೂ ಇದೆ. 2023ರ ನವೆಂಬರ್ 24ರಂದು ಮುಂಬಯಿಯ ಅಭ್ಯುದಯ ಬ್ಯಾಂಕಿನ ಮಂಡಳಿಯನ್ನು ಆಡಳಿತದ ದೋಷಕ್ಕಾಗಿ ವಿಸರ್ಜಿಸಿ, ಸ್ಟೇಟ್ ಬ್ಯಾಂಕಿನ ನಿವೃತ್ತ ಅಧಿಕಾರಿಯನ್ನು ಆಡಳಿತಾಧಿಕಾರಿಯಾಗಿ ಕೂರಿಸಿದರು. ವ್ಯವಹಾರದ ಮೇಲೆ ನಿರ್ಬಂಧ ಹಾಕಲಿಲ್ಲ. ಹಣ ತೆಗೆಯುವವರು ತೆಗೆದರು, ಕಟ್ಟುವವರು ಕಟ್ಟಿದರು. ರೋಗ ಬೇಗ ಕಂಡರೆ ಇಷ್ಟು ಸಾಧ್ಯ, ತಡವಾದರೆ ಬೀಗ ಕೌಂಟರಿಗೇ.

ಪಿಎಂಸಿಯ ಪ್ರಕರಣದ ನಂತರ ಆದ ಕೆಲವು ಸುಧಾರಣೆಗಳನ್ನು ಎರಡೂ ಕಡೆಯವರು ಒಪ್ಪಬಹುದು. ಠೇವಣಿ ವಿಮೆ 2020ರ ಫೆಬ್ರುವರಿಯಲ್ಲಿ ಒಂದು ಲಕ್ಷದಿಂದ ಐದು ಲಕ್ಷಕ್ಕೇರಿತು. ನಿರ್ಬಂಧ ಬಿದ್ದ 90 ದಿನದಲ್ಲಿ ಆ ಹಣ ಕೊಡಬೇಕೆಂದು 2021ರಲ್ಲಿ ಕಾನೂನಾಯಿತು. ಪನವೇಲಿನ ಕರ್ನಾಳಾ ನಾಗರಿ ಬ್ಯಾಂಕಿನ ಪರವಾನಗಿ ಅದೇ ವರ್ಷ ರದ್ದಾದಾಗ, ಬಹುಪಾಲು ಠೇವಣಿದಾರರಿಗೆ ವಿಮೆಯಿಂದಲೇ ಪೂರ್ತಿ ಹಣ ಸಿಗುವಂತಿತ್ತು. ಐದು ಲಕ್ಷ ಮೀರಿದವರ ಗತಿ ಬೇರೆ. ಪಿಎಂಸಿ 2022ರ ಜನವರಿಯಲ್ಲಿ ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ಸೇರಿಹೋಯಿತು. ದೊಡ್ಡ ಠೇವಣಿದಾರರು ಪೂರ್ತಿ ಹಣಕ್ಕೆ ಹತ್ತು ವರ್ಷದವರೆಗೆ ಕಾಯಬೇಕು. ನಿವೃತ್ತಿಯ ಗಂಟನ್ನೆಲ್ಲ ಅಲ್ಲಿ ಇಟ್ಟವರಿಗೆ ಅದು ಆಯುಷ್ಯದ ಲೆಕ್ಕ. ಇತ್ತ ಎನ್.ಎಸ್. ವಿಶ್ವನಾಥನ್ ಸಮಿತಿಯ ಸಲಹೆಯಂತೆ ಬ್ಯಾಂಕುಗಳನ್ನು ಠೇವಣಿಯ ಗಾತ್ರಕ್ಕೆ ತಕ್ಕಂತೆ ನಾಲ್ಕು ಶ್ರೇಣಿಗಳಾಗಿ ವಿಂಗಡಿಸಿದ್ದು ಸಣ್ಣವರಿಗೆ ಉಸಿರಾಡಲು ಸ್ವಲ್ಪ ಜಾಗ ಕೊಟ್ಟಿದೆ. 100 ಕೋಟಿವರೆಗಿನವರಿಗೂ 10,000 ಕೋಟಿ ಮೀರಿದವರಿಗೂ ಒಂದೇ ಕೋಲಿನ ಅಳತೆ ಈಗಿಲ್ಲ.

ಇನ್ನು ಆಗಬೇಕಾದದ್ದು ಮಾಹಿತಿಯ ವಿಷಯದಲ್ಲಿ. ರಿಸರ್ವ್ ಬ್ಯಾಂಕಿನ ತಪಾಸಣಾ ವರದಿಗಳು ಮಾಹಿತಿ ಹಕ್ಕಿಗೆ ಒಳಪಡುತ್ತವೆ ಎಂದು ಸುಪ್ರೀಂ ಕೋರ್ಟ್ 2015ರ ಡಿಸೆಂಬರ್‌ನಲ್ಲೇ ಹೇಳಿತು. ಬ್ಯಾಂಕುಗಳು ಅಂಜುವುದು ಯಾಕೆಂದೂ ಅರ್ಥವಾಗುತ್ತದೆ: ಅರ್ಧ ಓದಿದ ವರದಿಯೊಂದು ವಾಟ್ಸ್ಯಾಪಿನಲ್ಲಿ ಹರಿದಾಡಿದರೆ ಗಟ್ಟಿ ಬ್ಯಾಂಕೂ ಸಂಜೆಯೊಳಗೆ ಅಲುಗಾಡುತ್ತದೆ. ಹಾಗಾದರೆ ಇಡೀ ವರದಿ ಬೇಡ. ಮೊದಲ ಐದು ಸಾಲಗಾರ ಗುಂಪುಗಳಿಗೆ ಒಟ್ಟು ಸಾಲದ ಎಷ್ಟು ಪಾಲು ಹೋಗಿದೆ, ಹಿಂದಿನ ತಪಾಸಣೆಯ ಎಷ್ಟು ಆಕ್ಷೇಪಗಳು ಇನ್ನೂ ಬಾಕಿ ಇವೆ, ಇಷ್ಟನ್ನು ಪ್ರತಿ ವರ್ಷ ಶಾಖೆಯ ಗೋಡೆಗೆ ಹಚ್ಚಲಿ. ಮಂಡಳಿಯಲ್ಲಿ ಒಂದೆರಡು ಸ್ಥಾನ ಠೇವಣಿದಾರರು ಆರಿಸಿದವರಿಗೆ ಮೀಸಲಾಗಲಿ. ಈ ಎರಡಕ್ಕೆ ಸಹಕಾರಿಗಳೂ ರಿಸರ್ವ್ ಬ್ಯಾಂಕೂ ಇಲ್ಲವೆನ್ನಲು ನನಗೆ ಕಾರಣ ಕಾಣುವುದಿಲ್ಲ.