ಭಂಡಾರವು ಮನೆ ಬದಲಿಸುವಾಗ

ರಾಯಚೂರಿನ ಕೋಟೆಯನ್ನು ನೋಡಹೋದವರು ಅಲ್ಲಿನ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲನ್ನು ಕಂಡು ಬೆರಗಾಗುವುದುಂಟು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆಯನ್ನು ಕಟ್ಟಿಸಿದ ಸಂಗತಿ ಅದರ ಮೇಲಿನ ಶಾಸನದಲ್ಲಿದೆ. ಅಂಥ ಬಂಡೆಯನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ದೃಶ್ಯವನ್ನೂ ಅಲ್ಲಿಯೇ ಚಿತ್ರಿಸಿದ್ದಾರೆ. ಕಲ್ಲು ತಂದವರು ಅದನ್ನು ತಂದ ಬಗೆಯನ್ನೂ ಮುಂದಿನವರಿಗಾಗಿ ಬರೆದಿಟ್ಟು ಹೋದರು.

ಕಲ್ಲನ್ನು ಸಾಗಿಸುವ ಕಷ್ಟವು ಯಾರ ಕಣ್ಣಿಗಾದರೂ ಕಾಣುತ್ತದೆ. ತೂಕವೇ ಇಲ್ಲದ ವಸ್ತುವನ್ನು ಸಾಗಿಸುವ ಕಷ್ಟವಾದರೋ ಸಾಗಿಸಿದವನಿಗಲ್ಲದೆ ಅನ್ಯರಿಗೆ ತಿಳಿಯದು. ಇಂದಿನ ವಿಶ್ವವಿದ್ಯಾಲಯಗಳು ಕಾಗದದ ಗ್ರಂಥಾಲಯದ ಜೊತೆಗೆ ಗಣಕಯಂತ್ರದಲ್ಲಿಯೂ ಒಂದು ಭಂಡಾರವನ್ನು ಇಟ್ಟುಕೊಂಡಿರುತ್ತವೆ. ಪ್ರಬಂಧಗಳು, ವರದಿಗಳು, ಹಳೆಯ ಪುಸ್ತಕಗಳ ಛಾಯಾಪ್ರತಿಗಳು ಅದರಲ್ಲಿ ಸೇರಿರುತ್ತವೆ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಪ್ರಬಂಧಗಳು ‘ಕೃಷಿಕೋಶ’ವೆಂಬ ರಾಷ್ಟ್ರೀಯ ಭಂಡಾರದಲ್ಲಿವೆ. ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಬಂಧಗಳು, ಕನ್ನಡದಲ್ಲಿಯೇ ಬರೆದವೂ ಸೇರಿದಂತೆ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಸುವ ‘ಶೋಧಗಂಗಾ’ದಲ್ಲಿವೆ. ಇವೆರಡನ್ನೂ ಕಟ್ಟಿರುವುದು ‘ಡಿ-ಸ್ಪೇಸ್’ ಎಂಬ ತಂತ್ರಾಂಶದ ಮೇಲೆ. ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯೂ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯೂ ಕೂಡಿ ರಚಿಸಿ 2002ರಲ್ಲಿ ಹೊರತಂದ ಇದನ್ನು ಯಾವ ಸಂಸ್ಥೆಯಾದರೂ ಹಣ ತೆರದೆ ಬಳಸಬಹುದು.

ಹಾಗಿದ್ದ ಮೇಲೆ ಒಮ್ಮೆ ಕಟ್ಟಿದ ಭಂಡಾರವನ್ನು ಅಲ್ಲಾಡಿಸುವುದೇಕೆ? ಮನೆಗೆ ದುರಸ್ತಿ ಬೇಕಾಗುವಂತೆ ತಂತ್ರಾಂಶಕ್ಕೂ ಬೇಕಾಗುತ್ತದೆ. ಬಿರುಕು ಬಿಟ್ಟಲ್ಲಿ ಕಳ್ಳರು ನುಗ್ಗುತ್ತಾರೆ. ಡಿ-ಸ್ಪೇಸಿನ ಆರನೆಯ ಆವೃತ್ತಿಗೆ ಅಂಥ ದುರಸ್ತಿಯು 2023ರ ನಡುವಿನಲ್ಲಿ ನಿಂತಿತು. 2021ರಲ್ಲಿ ಬಂದ ಏಳನೆಯ ಆವೃತ್ತಿಯಾದರೋ ಹಳೆಯದಕ್ಕೆ ಸುಣ್ಣ ಬಳಿದಂತಿರಲಿಲ್ಲ. ಅದುವರೆಗೆ ಉಗ್ರಾಣವೂ ಪಡಸಾಲೆಯೂ ಒಂದೇ ಸೂರಿನಡಿ ಇದ್ದವು. ಈಗ ಕಡತಗಳನ್ನು ಕಾಯುವ ಭಾಗ ಬೇರೆ, ಓದುಗರಿಗೆ ಮುಖ ತೋರಿಸುವ ಭಾಗ ಬೇರೆ. ಊರೂರಿನ ಗ್ರಂಥಪಾಲಕರು ವರ್ಷಗಟ್ಟಲೆ ತಿದ್ದಿ ತೀಡಿ ಅಂದಗೊಳಿಸಿದ್ದ ಹಳೆಯ ಮುಖಮಂಟಪವು ಹೊಸ ಮನೆಗೆ ಹೊಂದದೆ ಹೋಯಿತು. ಅದನ್ನು ಮೊದಲಿಂದ ಕಟ್ಟಬೇಕಾಯಿತು.

ಅಂದಗೆಟ್ಟರೆ ಹೋಗಲಿ, ಮತ್ತೆ ಮಾಡಬಹುದು. ಆದರೆ ಕಳೆದುಹೋದರೆ ಮತ್ತೆ ದೊರಕದ ವಸ್ತುಗಳು ಕೆಲವಿವೆ. ಭಂಡಾರದ ಕಡತಗಳನ್ನು ಯಂತ್ರವು ಲೇಖಕರ ಹೆಸರಿನಿಂದ ಇಡುವುದಿಲ್ಲ. ಉದ್ದುದ್ದನೆಯ ಅಂಕೆಗಳ ಹೆಸರಿನಿಂದ ಇಡುತ್ತದೆ. ಯಾವ ಅಂಕೆ ಯಾರ ಪ್ರಬಂಧವೆಂಬುದು ಇನ್ನೊಂದೆಡೆಯಿರುವ ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಕಡತಗಳನ್ನು ಒಯ್ದು ಪಟ್ಟಿಯನ್ನು ಮರೆತರೆ, ಹೆಸರಿಲ್ಲದ ಸಾವಿರಾರು ಗಂಟುಗಳು ಕೈಯಲ್ಲುಳಿಯುತ್ತವೆ. ಪಟ್ಟಿಯನ್ನು ಒಯ್ದು ಕಡತಗಳನ್ನು ಬಿಟ್ಟರೆ, ಬೀಗದ ಕೈಗಳಷ್ಟೇ ಉಳಿದು ಪೆಟ್ಟಿಗೆಗಳೇ ಇಲ್ಲದಂತಾಗುತ್ತದೆ.

ಇನ್ನೊಂದು ವಸ್ತು ವಿಳಾಸ. ಇಂಥ ಭಂಡಾರಗಳಲ್ಲಿ ಪ್ರತಿಯೊಂದು ಕೃತಿಗೂ ‘ಹ್ಯಾಂಡಲ್’ ಎಂಬ ಶಾಶ್ವತ ವಿಳಾಸವಿರುತ್ತದೆ. ಶೋಧಗಂಗಾದ ವಿಳಾಸಗಳೆಲ್ಲ 10603 ಎಂಬ ಅಂಕೆಯಿಂದ ತೊಡಗುತ್ತವೆ. ಪುಸ್ತಕಗಳ ಅಡಿಟಿಪ್ಪಣಿಗಳಲ್ಲಿ ಅಚ್ಚಾಗಿ ಹೋದ ಈ ವಿಳಾಸಗಳನ್ನು ಯಾರೂ ಹಿಂದಕ್ಕೆ ಕರೆಯಲಾರರು. ಭಂಡಾರವು ಮನೆ ಬದಲಿಸಿದರೂ ಹಳೆಯ ವಿಳಾಸಕ್ಕೆ ಹಾಕಿದ ಕಾಗದವು ಹೊಸ ಬಾಗಿಲಿಗೆ ತಲುಪಲೇಬೇಕು.

ಕನ್ನಡದ ಭಂಡಾರಗಳಿಗಾದರೋ ಇವೆಲ್ಲಕ್ಕೂ ಮಿಗಿಲಾದ ಒಂದು ತೊಡಕಿದೆ, ಅದು ಅಕ್ಷರಗಳದು. ಮಾನ್ವಿಯ ಕಾಲುವೆಯ ಕೊನೆಯಲ್ಲಿ ಹೊಲವಿರುವ ಮನೆಯ ಮಗಳೊಬ್ಬಳು ಸವಳು ಭೂಮಿಯ ವಿಷಯವನ್ನೂ, ದೇವದುರ್ಗದ ಕಡೆಯ ಅವಳ ಗೆಳತಿಯೊಬ್ಬಳು ತೊಗರಿಯ ವಿಷಯವನ್ನೂ ಹುಡುಕುತ್ತಿರುವರೆಂದು ಭಾವಿಸೋಣ. ಬೇಕಾದ ಕನ್ನಡ ಪ್ರಬಂಧಗಳು ಭಂಡಾರದಲ್ಲಿವೆ. ಆದರೂ ಯಂತ್ರವು ‘ಏನೂ ಸಿಗಲಿಲ್ಲ’ ಎನ್ನುತ್ತದೆ. ಕಾರಣವೇನು? ಬರಹ, ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ಪ್ರಬಂಧವು ಕಣ್ಣಿಗೆ ಶುದ್ಧ ಕನ್ನಡವಾಗಿ ತೋರಿದರೂ ಒಳಗೆ ಇರುವುದು ಇಂಗ್ಲಿಷಿನಂಥ ಲಿಪಿಗಳಿಗೆ ಮೀಸಲಾದ ಸಂಕೇತಗಳು. ಕನ್ನಡದ ವೇಷವನ್ನಷ್ಟೇ ಅವು ತೊಟ್ಟಿವೆ. ಯೂನಿಕೋಡ್ ಕ್ರಮದಲ್ಲಿಯೂ ಎಚ್ಚರ ತಪ್ಪುವಂತಿಲ್ಲ. ‘ತೊಗರಿ’ಯ ಮೊದಲಕ್ಷರವನ್ನೇ ತೆಗೆದುಕೊಳ್ಳಬಹುದು. ಅಲ್ಲಿನ ‘ಒ’ಕಾರದ ಚಿಹ್ನೆಗೆ ಸ್ವಂತ ಸಂಕೇತವೊಂದಿದೆ, ‘ಎ’ಕಾರದ ಮತ್ತು ‘ಊ’ಕಾರದ ಚಿಹ್ನೆಗಳನ್ನು ಜೋಡಿಸಿಯೂ ಅದನ್ನು ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಎರಡನ್ನೂ ಸಮವೆಂದು ಎಣಿಸುವಂತೆ ಯಂತ್ರಕ್ಕೆ ಹೇಳಿಕೊಡದಿದ್ದರೆ ಒಂದನ್ನು ಹುಡುಕಿದವರಿಗೆ ಇನ್ನೊಂದು ದೊರಕದು. ಆ ಹುಡುಗಿಯರಿಗೆ ಇದೊಂದೂ ತಿಳಿಯದು. ತಮ್ಮ ನೆಲದ ಮೇಲೆ ಯಾರೂ ಏನೂ ಬರೆದಿಲ್ಲವೆಂದು ನಂಬಿ ಅವರು ಎದ್ದು ಹೋಗುತ್ತಾರೆ. ಸುಟ್ಟ ಪುಸ್ತಕಕ್ಕೆ ಬೂದಿಯಾದರೂ ಸಾಕ್ಷಿಯಿರುತ್ತದೆ. ಈ ನಷ್ಟಕ್ಕೆ ಯಾವ ಸಾಕ್ಷಿಯೂ ಇಲ್ಲ.

ಆದಕಾರಣ ಬಲ್ಲವರು ಈ ಕಾರ್ಯಕ್ಕೆ ಅವಸರಪಡುವುದಿಲ್ಲ. ಮೊದಲು ಇದ್ದುದೆಲ್ಲದರ ಎರಡು ಪ್ರತಿಗಳನ್ನು ತೆಗೆದು ಬೇರೆ ಬೇರೆ ಕಡೆ ಇಡುತ್ತಾರೆ. ಹೊಸ ಮನೆಯನ್ನು ಇನ್ನೊಂದು ಯಂತ್ರದಲ್ಲಿ ಕಟ್ಟಿ, ಅಲ್ಲಿಗೆ ಪ್ರತಿಯನ್ನು ಸಾಗಿಸಿ ನೋಡುತ್ತಾರೆ. ಅಷ್ಟರವರೆಗೆ ಹಳೆಯ ಮನೆಯಲ್ಲಿ ದೀಪ ಉರಿಯುತ್ತಲೇ ಇರುತ್ತದೆ. ಹಳೆಯದರಲ್ಲಿದ್ದ ಕೃತಿಗಳೆಷ್ಟು, ಹೊಸದರಲ್ಲಿ ಬಂದವೆಷ್ಟು ಎಂದು ಎಣಿಸುತ್ತಾರೆ. ಪ್ರತಿ ಕಡತಕ್ಕೂ ‘ಚೆಕ್‌ಸಮ್’ ಎಂಬ ಬೆರಳಗುರುತಿನಂಥ ಸಂಖ್ಯೆಯಿದೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಅದನ್ನು ಹೋಲಿಸುತ್ತಾರೆ. ಹುಡುಕುವ ಸೂಚಿಯನ್ನು ಮೊದಲಿಂದ ಕಟ್ಟುತ್ತಾರೆ. ಕಡೆಯಲ್ಲಿ, ಯಂತ್ರದ ಮಾತನ್ನು ನಂಬದೆ, ‘ತೊಗರಿ’, ‘ಸವಳು’ ಎಂದು ಕನ್ನಡದಲ್ಲಿಯೇ ಬರೆದು ಹುಡುಕಿ ನೋಡುತ್ತಾರೆ. ಈ ಕಡೆಯ ಪರೀಕ್ಷೆಗೆ ಎಂಜಿನಿಯರಿಗಿಂತ ಕನ್ನಡ ಬಲ್ಲ ಗ್ರಂಥಪಾಲಕನೇ ಹೆಚ್ಚು ಬೇಕಾದವನು.

ಇದೆಲ್ಲ ಹೊಸ ಕಾಲದ ಕಷ್ಟವೆಂದು ಭಾವಿಸಬೇಕಾಗಿಲ್ಲ. ಮಾನ್ವಿಯಲ್ಲಿ ನೆಲೆಸಿದ್ದ ಜಗನ್ನಾಥದಾಸರು 1809ರಲ್ಲಿ ತೀರಿಕೊಂಡರು. ಅವರ ‘ಹರಿಕಥಾಮೃತಸಾರ’ವು ಇಂದಿಗೂ ಮನೆಮನೆಗಳಲ್ಲಿ ಪಾರಾಯಣವಾಗುತ್ತಿದೆಯೆಂದರೆ, ಹಸ್ತಪ್ರತಿಯು ಶಿಥಿಲವಾಗುವ ಮೊದಲೇ ಇನ್ನೊಂದು ಪ್ರತಿಯನ್ನು ಬರೆದುಕೊಂಡವರು ಇದ್ದರೆಂದೇ ಅರ್ಥ. ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ, ಅಚ್ಚಿನಿಂದ ಗಣಕಯಂತ್ರಕ್ಕೆ ಸಾಹಿತ್ಯವು ಮನೆ ಬದಲಿಸುತ್ತಲೇ ಬಂದಿದೆ. ಆಗ ಒಂದು ಪ್ರತಿಯು ಕೆಲವು ತಲೆಮಾರುಗಳವರೆಗೆ ಬಾಳುತ್ತಿತ್ತು. ಈಗಿನ ತಂತ್ರಾಂಶವು ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ವ್ಯತ್ಯಾಸವಿಷ್ಟೆ.

ಆದುದರಿಂದ ಇಂಥ ಭಂಡಾರವನ್ನು ತೆರೆಯುವ ಸಂಸ್ಥೆಗಳು ಉದ್ಘಾಟನೆಯ ಖರ್ಚಿನೊಡನೆ ಮನೆ ಬದಲಾವಣೆಯ ಖರ್ಚನ್ನೂ ಮೊದಲೇ ಬರೆದಿಡಬೇಕು. ಅದನ್ನು ಮಾಡುವ ಜನರನ್ನೂ ಉಳಿಸಿಕೊಳ್ಳಬೇಕು. ಏನನ್ನು ಎಲ್ಲಿಂದ ಎಲ್ಲಿಗೆ ಸಾಗಿಸಿದರು, ಎಲ್ಲಿ ತೊಡಕಾಯಿತು, ಹೇಗೆ ಬಿಡಿಸಿದರು ಎಂಬುದನ್ನು ಅವರು ಬರೆದಿಟ್ಟರೆ ಮುಂದಿನ ಸಲ ಭಾರ ಹೊರುವವರ ಹೆಗಲು ಹಗುರವಾದೀತು. ಏಳು ಶತಮಾನಗಳ ಹಿಂದೆ ರಾಯಚೂರಿನ ಕಲ್ಲುಕುಟಿಗರು ಮಾಡಿದ್ದೂ ಅದನ್ನೇ.